ಕೊನೆಯ ಸರದಿ

ಬೀದರಿಗೆ ಬಂದ ಮೂರನೆಯ ದಿನ
ರಾಗಿ ಡಬ್ಬ ಹೆಗಲಿಗೇರಿಸಿ ಮಿಲ್ಲು ಎಲ್ಲಿ ಅಂತ ಕೇಳಿದೆ.
"ಗಿರಣಿ ಏನ್ರೀ?" ಅಂತ ತಿದ್ದಿ ದಾರಿ ತೋರಿಸಿದರು.
ಗಿರಣಿಯ ಶಿವಶರಣಪ್ಪ ಒಂದು ಹಿಡಿ ತೆಗೆದು
ಬೆಳಕಿಗೊಡ್ಡಿ ನೋಡಿದ:
"ಸಾಸಿವಿ ಏನು?"
"ರಾಗಿ."
"ಇದು ಹಾಕಿದರ ಹಿಂದ ಬಂದೋರ ಜ್ವಾಳ ಕೆಂಪಾಗ್ತದ್ರಿ.
ಎಲ್ಲಾರದೂ ಮುಗದ ಮ್ಯಾಲ ಬರ್ರಿ, ರಾತ್ರಿ ಎಂಟಕ್ಕ."

ಹಾಗೆ ಈ ಊರಲ್ಲಿ ನನಗೆ ಸಿಕ್ಕ ಮೊದಲ ಜಾಗ
ಕೊನೆಯದು.

ದಾಕ್ಷಿಗೆ ಸಿಕ್ಕಿದ್ದು ಪಶುವೈದ್ಯ ಕಾಲೇಜಿನ ಎಂವಿಎಸ್ಸಿ ಸೀಟು.
ದೇವಣಿ ಕರುಗಳ ಹೊಟ್ಟೆಯ ಹುಳು ಎಣಿಸುವುದಕ್ಕೆ
ಎರಡು ವರ್ಷ ಬೇಕಂತೆ.
ಬೆಳಗ್ಗೆ ಆರಕ್ಕೆ ಗಮ್‌ಬೂಟು ಚೀಲಕ್ಕೆ ತುರುಕಿ
ನಂದಿನಗರದ ಆಟೋ ಹತ್ತುತ್ತಾಳೆ.
ಸಂಜೆ ಫಿನಾಯಿಲು, ಸಗಣಿ, ಹಸಿಮೇವು ಎಲ್ಲ ಒಟ್ಟಿಗೆ ಒಳಗೆ ಬರುತ್ತವೆ.
ಮೊಗ ಓಡಿಹೋಗಿ ಅವಳ ಸೊಂಟಕ್ಕೆ ಮೂಗೊತ್ತಿ
"ಇವತ್ತು ಎಷ್ಟು ಕರ?" ಅನ್ನುತ್ತದೆ.

ಚಾಮರಾಜನಗರದಲ್ಲಿ ನನ್ನದೊಂದು ಅಂಗಡಿ ಇತ್ತು,
ಚಿಕ್ಕಮಾದು ಮೋಟಾರ್ ರೀವೈಂಡಿಂಗ್.
ಮರದ ಬೋರ್ಡು. ಬಿಟ್ಟುಬರಲು ಮನಸಾಗದೆ
ರೈಲಿಗೇರಿಸಿ ತಂದು, ಬೋರಲು ಹಾಕಿ, ಮಂಚಕ್ಕೆ ಹಲಗೆ ಮಾಡಿದೆವು.
ರಾತ್ರಿ ಮೂವರೂ ನನ್ನ ಹೆಸರಿನ ಮೇಲೆ ಮಲಗುತ್ತೇವೆ.

"ನಿಮ್ಮ ಮನಿಯವರು ಓದ್ಲತ್ತಾರ, ಖರೆ.
ನೀವೇನ್ ಮಾಡ್ಲತ್ತೀರಿ?" ಓಣಿ ಕೇಳುತ್ತಿತ್ತು.
ಮೊದಲ ತಿಂಗಳು "ಕೆಲಸ ಹುಡುಕ್ತಾ ಇವ್ನಿ" ಅಂದೆ.
ಎರಡನೆಯ ತಿಂಗಳು "ಮೊಗ ನೋಡ್ಕತೀನಿ."
ಮೂರನೆಯ ತಿಂಗಳು ಅವರು ಕೇಳುವುದನ್ನು ಬಿಟ್ಟರು,
ಸ್ಟೈಪೆಂಡು ಬರುವುದನ್ನು ಬಿಟ್ಟಿತು.

ನೇಸರನಿಗೆ ಮೂರೂವರೆ. ಊರನ್ನು ನನಗಿಂತ ಬೇಗ ನುಂಗಿದ.
ಅವನ ಚಡ್ಡಿಯ ಕೆಮ್ಮಣ್ಣು ಎಷ್ಟು ಉಜ್ಜಿದರೂ ಹೋಗುವುದಿಲ್ಲ.
ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು
"ಅಪ್ಪಾ, ಬರ್ರಿ, ಉಣಲಿಕ್ಕ ಬರ್ರಿ" ಅಂದ.
ನಮ್ಮ ಕಡೆ ಅಪ್ಪನಿಗೆ ಯಾರೂ ಹಾಗೆ ಅನ್ನುವುದಿಲ್ಲ.
ನಾನು ಹಿಂದೆ ತಿರುಗಿ ನೋಡಿದೆ,
ಯಾರೋ ಹಿರಿಯರು ಬಂದಿರಬೇಕೆಂದು.

ವಾರಕ್ಕೊಮ್ಮೆ ರಾತ್ರಿ ಎಂಟು.
ಬಿಳಿ ಹುಬ್ಬಿನ ಹೆಂಗಸರು, ಬಿಳಿ ರೆಪ್ಪೆಯ ಹುಡುಗರು
ಬಿಸಿ ಹಿಟ್ಟು ತಬ್ಬಿಕೊಂಡು ಹೋದ ಮೇಲೆ
ನಾನು, ನನ್ನ ಡಬ್ಬ, ಬೆಲ್ಟಿನ ಸದ್ದು.
ಆ ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದು:
ಬೇರಿಂಗ್ ಹೋಗುತ್ತಿದೆ.
ನಾಲ್ಕು ವಾರ ಸುಮ್ಮನಿದ್ದೆ;
ಕೊನೆಯ ಸರದಿಯವನು ಬುದ್ಧಿ ಹೇಳಬಾರದು.
ಐದನೆಯ ವಾರ ಬಾಯಿ ತಡೆಯಲಿಲ್ಲ.
"ನೋಡೂಣ್ರಿ" ಅಂದ ಶಿವಶರಣಪ್ಪ.
ಇನ್ನೂ ನೋಡುತ್ತಲೇ ಇದ್ದಾನೆ.

ಇವತ್ತು ಮನೆಯೊಡತಿ ಖೈರುನ್ನಿಸಾ ಆಪಾ
ಬಟ್ಟೆ ಮುಚ್ಚಿ ರೊಟ್ಟಿ ತಂದರು.
ಬಿಳಿ ಜೋಳದ ಮೈಮೇಲೆ ಅಲ್ಲಲ್ಲಿ ಕಂದು ಚುಕ್ಕಿ.
ನಾನು ಕಂಡೆ. ನಾನು ಕಂಡದ್ದನ್ನು ಅವರು ಕಂಡರು.
"ಹೊತ್ತು ಹೊಂಟರ ಗಿರಣ್ಯಾಗ ನಂದೇ ಮೊದಲ ಡಬ್ಬಿ,
ಇಪ್ಪತ್ತು ವರ್ಷ ಆತು."
"ತಪ್ಪಾಯ್ತು ಆಪಾ..."
"ಯಾತರ ತಪ್ಪು? ನಿಮ್ಮೂರು ನೋಡಿಲ್ಲ ನಾ.
ಜರಾ ರುಚಿ ನೋಡಿದಂಗಾತು."

ಅವರು ಹೋದ ಮೇಲೆ ನನ್ನ ಹಿಟ್ಟಿನ ಡಬ್ಬ ತೆಗೆದೆ.
ರಾಗಿಯ ಕಂದಿನಲ್ಲಿ ಎಷ್ಟೊಂದು ಬಿಳುಪು!
ಹಗಲೆಲ್ಲ ಊರಿಗೆ ಊರೇ ಬೀಸಿ,
ಕಲ್ಲಿನ ಸಂದಿಯಲ್ಲಿ ಬಿಟ್ಟುಹೋದ ಜೋಳ
ವಾರ ವಾರವೂ ನನ್ನ ಪಾಲಿಗೆ ಬಿದ್ದಿದೆ.
ಮುದ್ದೆ ಈಚೀಚೆಗೆ ಬಿರಿಯುತ್ತದೆ ಎಂದು
ದಾಕ್ಷಿ ಈ ಊರಿನ ನೀರನ್ನು ಬೈಯುತ್ತಿದ್ದಳು.

ನೀರಿನದಲ್ಲ ಕಣೇ, ಅನ್ನಬೇಕು, ಅವಳು ಬಂದೊಡನೆ.
ಮೊಗ ಮಲಗಿದೆ. ಒಂಬತ್ತಾಯಿತು.
ಫೋನು ಮಾಡಿದ್ದಳು:
ಹದಿನೇಳನೆಯ ನಂಬರಿನ ಕರು
ಇನ್ನೂ ಸಗಣಿ ಹಾಕಿಲ್ಲವಂತೆ,
ಕಾಯುತ್ತಿದ್ದಾಳಂತೆ.