ಒಂದು ಕಿಲೋ ನೂರು ಗ್ರಾಂ

ಹಳೆಯದು ನಾಲ್ಕೂವರೆ ಕಿಲೋ.
ಕರಿ ಚೀಲ, ಹರಿದ ಜಿಪ್ಪಿಗೆ ಮೂರು ಪಿನ್ನು.
ಅಂಕೋಲೆ ಬಸ್ಸಿನಲ್ಲಿ ಒಮ್ಮೆ
ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಿದ್ದೆ.
ಕಂಡಕ್ಟರ್ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ
ಎರಡು ಚೀಟಿ ಹರಿದ:
ಹೆಂಗಸೆಂದು ನನ್ನದು ಸೊನ್ನೆ ರೂಪಾಯಿ,
ಲಗೇಜೆಂದು ಅದರದು ಇಪ್ಪತ್ತು.

ಬಲಭುಜ ನೋಡಿದ ಡಾಕ್ಟರು ಹೇಳಿದ್ದು ಇಷ್ಟೇ:
ಕೆಲಸ ಬಿಡಿ, ಇಲ್ಲಾ ಚೀಲ ಬಿಡಿ.

ಕೆಲಸ ಬಿಡುವ ಹಾಗಿಲ್ಲ.
ಮಾಜಾಳಿಯಿಂದ ಭಟ್ಕಳದ ತನಕ
ಸಿಕ್ಕ ದಕ್ಕೆಗೆಲ್ಲ ಇಳಿದು
ಮೀನು ಒಣಗಿಸುವ ಸೌರಪೆಟ್ಟಿಗೆ ಮಾರುತ್ತೇನೆ.
ಮರಳು ತಾಗದು, ಕಾಗೆ ಮುಟ್ಟದು,
ನಾಲ್ಕು ದಿನದ್ದು ಎರಡೇ ದಿನಕ್ಕೆ.
ಪೆಟ್ಟಿಗೆ ಹೊತ್ತೊಯ್ಯಲಾಗದು, ಅದರ ಚಿತ್ರ ಒಯ್ಯುತ್ತೇನೆ.
ಇದೊಂದು ತಮಾಷೆ ನೋಡಿ:
ಬಿಸಿಲು ಮಾರುವವಳಿಗೆ
ಮಾರುವ ಹೊತ್ತಿಗೆ ಕತ್ತಲು ಬೇಕು.
ಹೆಂಗಸರಿಗೋ ಬಿಡುವಾಗುವುದು
ಹರಾಜು ಮುಗಿದು, ಒಲೆ ಹೊತ್ತುವ ಮುಂಚೆ,
ಕಣ್ಣು ಬಿಡಲಾಗದ ಹನ್ನೊಂದೂವರೆಗೆ.

ಕಾರವಾರದ ಅಂಗಡಿಯಲ್ಲಿ ನದೀಮ್
ಗಾಜಿನ ಮೇಲೆ ಮೂರನ್ನು ಸಾಲಾಗಿ ಇಟ್ಟ.
ಮೊದಲನೆಯದು ಅಂಗೈಯಗಲ, ಸಾಬೂನಿನಷ್ಟು ಭಾರ.
ಮಕ್ಕಳಿಗೆ ಮಲಗುವ ಕೋಣೆಯಲ್ಲಿ ಕಾರ್ಟೂನಿಗೆ ಸಾಕು, ಅಂದ.
ಮೂರನೆಯದು ಹಗಲಲ್ಲೂ ಹೊಳೆಯುವಂಥದ್ದು,
ಆದರೆ ಮೂರು ಕಿಲೋ, ಮೇಲೆ ಗೋಡೆಯ ಕರೆಂಟೇ ಬೇಕು.
ದಕ್ಕೆಯಲ್ಲಿ ಗೋಡೆಯೇ ಇಲ್ಲ, ನದೀಮ್.
ನಡುವಿನದರ ಡಬ್ಬದ ಮೇಲೆ
ಒಂಬತ್ತು ಸಾವಿರ ಲ್ಯೂಮೆನ್ ಎಂದು ಬರೆದಿತ್ತು.
‘ಅದನ್ನು ಓದಬೇಡಿ ಬಾಯಿ,’ ಅವನೇ ನಕ್ಕ,
‘ಐನೂರು ಅಂದುಕೊಳ್ಳಿ. ಬ್ಯಾಟರಿ ಎರಡು ತಾಸು.
ಮೂರು ದಿನ ಇಟ್ಟುಕೊಂಡು ನೋಡಿ,
ಹಿಡಿಸದಿದ್ದರೆ ಹೀಗೇ ವಾಪಸು ತನ್ನಿ.
ಹೀಗೇ, ಅಂದರೆ ಗೀರು ಬೀಳದ ಹಾಗೆ.’

ಬೇಲೆಕೇರಿಯಲ್ಲಿ ಗಣಪಿ ಹರಿಕಂತ್ರ
ಅದನ್ನು ನನ್ನ ಕೈಯಿಂದ ಕಿತ್ತು
ನೇರ ತಕ್ಕಡಿಗೆ ಹಾಕಿದಳು.
‘ಒಂದು ಕಿಲೋ ನೂರು. ಸಣ್ಣ ಇಸ್ವಾಣ.
ಎಷ್ಟು ಕೊಟ್ಟೆ?’
ಹೇಳಿದೆ.
‘ಇದಕ್ಕೆ ಮುಳ್ಳೂ ಇಲ್ಲ, ಸಾರೂ ಆಗೂದಿಲ್ಲ,’ ಅಂದಳು.

ಬಲೆ ಇಡುವ ಶೆಡ್ಡಿಗೆ ನಡೆದೆವು.
ಐಸುಪೆಟ್ಟಿಗೆಯ ಬಿಳಿ ಮುಚ್ಚಳವೇ ಪರದೆ,
ಸ್ಟ್ಯಾಂಡಿಗೆ ಮಗುಚಿದ ಬಂಗಡೆ ಬುಟ್ಟಿ.
ಒತ್ತಿದೆ. ಫ್ಯಾನು ಗುಂಯ್ಗುಟ್ಟಿತು.
ಮುಚ್ಚಳದ ಮೇಲೆ ಏನೂ ಇಲ್ಲ.
ಇದೆ, ಆದರೆ ತೊಳೆದರೂ ಹೋಗದ
ಹಳೆಯ ಚಹಾದ ಕಲೆಯ ಹಾಗೆ.
ಬಾಗಿಲಿಲ್ಲದ ಬಾಗಿಲಲ್ಲಿ ಸಮುದ್ರ
ಅಷ್ಟೂ ಬಿಸಿಲನ್ನು ಒಳಗೆ ತೂರುತ್ತಿತ್ತು.
ಮೂರು ಕಿಲೋದ್ದೇ ಸರಿಯಿತ್ತೇನೋ ಎಂದು
ಭುಜ ಮುಟ್ಟಿ ನೋಡಿಕೊಂಡೆ.

ಯಾರು ಮೊದಲು ಎದ್ದರೋ ಗೊತ್ತಿಲ್ಲ.
ನಾಲ್ವರು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು,
ಸೆರಗು ತಲೆಯ ಮೇಲೆ ಎತ್ತಿ ಹಿಡಿದು,
ಒಬ್ಬಳದಕ್ಕೆ ಇನ್ನೊಬ್ಬಳದು ತಾಗಿಸಿ.
ಸಂದಿಗೆ ಯಾರೋ ಹಳೆ ಬಲೆ ತುರುಕಿದರು.
ಹಸಿರು, ಕೇಸರಿ, ನೀಲಿ ಕತ್ತಲು.
ಮುಚ್ಚಳದ ಮೇಲೆ ತಾರ್ಲೆ ಮೀನು
ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು.

ಹನ್ನೆರಡು ಚಿತ್ರ ತೋರಿಸಿದೆ.
ಲೆಕ್ಕ ಹೇಳಿದೆ, ಸಬ್ಸಿಡಿ ಹೇಳಿದೆ.
ಹಿಂದಿನಿಂದ ಒಂದು ದನಿ:
‘ಮಳೆಗಾಲಕ್ಕೆ ಎಂತ ಮಾಡೂದು ಇದನ್ನ?’
ಅದಕ್ಕೆ ನನ್ನಲ್ಲಿ ಚಿತ್ರವಿರಲಿಲ್ಲ.
ಕೈ ಸೋತವು, ಸೆರಗು ಇಳಿದವು,
ಮೀನು ಮತ್ತೆ ಚಹಾದ ಕಲೆಯಾಯಿತು.
ಇಬ್ಬರು ಹೆಸರು ಬರೆಸಿದರು. ಗಣಪಿ ಬರೆಸಲಿಲ್ಲ.

ಮೂರನೆಯ ದಿನ ಅಂಗಡಿಗೆ ಹೋದಾಗ
ತೀರ್ಮಾನ ಇನ್ನೂ ಆಗಿರಲಿಲ್ಲ, ದೇವರಾಣೆ.
ಬೆಳಕು ಸಾಲದು ಎಂದು ಹೇಳಬೇಕೆಂದಿದ್ದೆ,
ಭುಜ ಮಾತ್ರ ಬೇರೆ ಏನೋ ಹೇಳುತ್ತಿತ್ತು.
ನದೀಮ್ ಡಬ್ಬ ತೆರೆದ,
ತಿರುಗಿಸಿ ಗೀರು ಹುಡುಕಿದ, ಸಿಗಲಿಲ್ಲ.
ಗಾಳಿ ಬಿಡುವ ಕಿಂಡಿಗೆ ಮೂಗು ತಂದು
ಒಂದು ಕ್ಷಣ ಸುಮ್ಮನಾದ.

‘ಬಾಯಿ,’ ಅಂದ, ‘ಇದನ್ನಿನ್ನು
ಬೇರೆ ಯಾರಿಗೆ ಮಾರಲಿ?’

ಬಿಲ್ಲು ಬರೆಯುತ್ತಿದ್ದ.
ಬ್ಯಾಗು ಪುಕ್ಕಟೆ ಕೊಡು ಎಂದು
ನಾನು ಜಗಳಕ್ಕೆ ನಿಂತೆ.