ಒಂದೇ ತಂತಿ

ಇಪ್ಪತ್ತಾರು ವರ್ಷ ಈ ಬೀದಿಯ ಮೀಟರು ಓದಿದವಳು ನಾನು,
ಮೆಟ್ಟಿಲಡಿಯ ಗೂಡಿಗೆ ತಲೆ ತೂರಿಸಿ
ಬ್ಯಾಟರಿ ಬಾಯಲ್ಲಿ ಕಚ್ಚಿ.
ಯಾವ ಮನೆಯಲ್ಲಿ ಜೇಡ, ಯಾವ ಮನೆಯಲ್ಲಿ
ಹೆಂಡತಿ ಕಣ್ಣು ತಪ್ಪಿಸಿ ಬಚ್ಚಿಟ್ಟ ಬಾಟಲಿ,
ಎಲ್ಲ ಗೊತ್ತು. ಎಂದೂ ಬಾಯಿ ಬಿಟ್ಟವಳಲ್ಲ.
ಬಿಟ್ಟರೆ ಬ್ಯಾಟರಿ ಬೀಳುತ್ತಿತ್ತು.

ಈಗ ಮೀಟರು ತನ್ನನ್ನು ತಾನೇ ಓದಿಕೊಳ್ಳುತ್ತದೆ.
ಬೀಳ್ಕೊಡುವಾಗ ಕಂಪನಿ ಕೊಟ್ಟ ಗೋಡೆಗಡಿಯಾರ ನಿಂತುಹೋಗಿದೆ,
ನನ್ನ ಕಾಲು ನಿಂತಿಲ್ಲ.
ರೊಂಡಾ ಕಣಿವೆಯ ಇದೇ ಏರುರಸ್ತೆಯಲ್ಲಿ
ಫೋನಿನೊಳಗೆ ಏಳಕ್ಷರದ ಕೋಡು ಇಟ್ಟುಕೊಂಡು
ಕದ ತಟ್ಟುತ್ತೇನೆ:
ಹಸಿರು ಕರೆಂಟಿಗೆ ಬದಲಾಗಿ, ನಿಮಗೆ ಐವತ್ತು ಪೌಂಡು,
ಕರೆತಂದ ಪುಣ್ಯಕ್ಕೆ ನನಗೂ ಐವತ್ತು.

ಹತ್ತನೇ ನಂಬರಿನಾತ
'ನಮಗೆ ಹಳೇ ಗಂಡನ ಪಾದವೇ ಗತಿ' ಎಂದು ನಕ್ಕು ಕದ ಹಾಕಿದ.
ಮೆರೆರಿಡ್ ಅರ್ಧ ತೆರೆದ ಬಾಗಿಲಲ್ಲಿ ನಿಂತು
'ಇದರಲ್ಲಿ ನಿನಗೇನು ಸಿಗುತ್ತೆ?' ಎಂದಳು.
ಐವತ್ತು ಎಂದೆ.
ಸುಳ್ಳು ಹೇಳಲಿಲ್ಲವೆಂದು ಒಳಗೆ ಕರೆದು
ಟೀ ಕೊಟ್ಟಳು, ಸಹಿಯನ್ನೂ.

ಕೊನೆಯ ಮನೆ ಇಡ್ವಾಲನದು.
ವರ್ಷಕ್ಕೆ ನಾಲ್ಕು ಸಲದಂತೆ ಇಪ್ಪತ್ತಾರು ವರ್ಷ
ಬಾಗಿಲು ತೆರೆದಿದ್ದಾನೆ, ಬೆರಳು ತೋರಿಸಿದ್ದಾನೆ,
ಒಂದೇ ಒಂದು ಮಾತಾಡಿಲ್ಲ.
ಎಂಬತ್ನಾಲ್ಕರ ಮುಷ್ಕರದಲ್ಲಿ
ಗಣಿಯ ಗೇಟಿನ ಹೊರಗೆ ಬೆಂಕಿ ಕಾಯಿಸುತ್ತ ನಿಂತವನು ಅವನು.
ಒಳಗೆ ಹೋದ ಬಸ್ಸಿನಲ್ಲಿ, ಕಿಟಕಿಗೆ ಜಾಲರಿ ಕಟ್ಟಿದ್ದ ಬಸ್ಸಿನಲ್ಲಿ,
ತಲೆ ತಗ್ಗಿಸಿ ಕೂತವನು ನನ್ನಪ್ಪ.
ಕ್ರಿಸ್‌ಮಸ್ಸಿಗೆ ಮುಂಚೆ ಕೆಲಸಕ್ಕೆ ಬಂದವರಿಗೆ ಬೋನಸ್ಸು ಎಂದಿದ್ದರು.
ನನಗೆ ಒಂಬತ್ತು ವರ್ಷ. ನನ್ನ ಬೂಟು ಬಾಯಿ ಬಿಟ್ಟಿತ್ತು.

ಈಗ ಇಡ್ವಾಲನ ಮೂಗಿಗೆ ಕೊಳವೆ.
ಕುರ್ಚಿಯ ಪಕ್ಕ ಆಮ್ಲಜನಕದ ಯಂತ್ರ
ಮುದಿ ನಾಯಿಯ ಹಾಗೆ ಗುರುಗುಟ್ಟುತ್ತಿದೆ.
ಬೆರಳು ಗೂಡಿನತ್ತ ಹೋಯಿತು, ರೂಢಿ.
'ಓದಲು ಬಂದಿಲ್ಲ' ಎಂದೆ, ಬಂದದ್ದಕ್ಕೆ ಕಾರಣ ಹೇಳಿದೆ.
ಕೇಳಿದ, ಪೂರ್ತಿ ಕೇಳಿದ. ಆಮೇಲೆ:

'ಆ ಕಡೆಯಿಂದ ಈ ಕಡೆಗೆ ಬಂದರೆ ದುಡ್ಡು.'
'ಹೌದು.'
'ನಿಮ್ಮನೆಯವರಿಗೆ ಆಗಿಬಂದ ಕಸುಬು.'

ಎದ್ದು ಹೋಗಬೇಕಿತ್ತು. ಏಳಲಿಲ್ಲ.
ಕಿಟಕಿಯಾಚೆ ಗುಡ್ಡದ ನೆತ್ತಿಯಲ್ಲಿ ಬಿಳಿ ರೆಕ್ಕೆಗಳು
ಅವನು ಮೂವತ್ತು ವರ್ಷ ತೆವಳಿದ ನೆಲದ ಮೇಲೆಯೇ
ಅವಸರವಿಲ್ಲದೆ ತಿರುಗುತ್ತಿದ್ದವು.

'ಅದಕ್ಕೆ ಬೇರೆ ತಂತಿ ಎಳೀತಾರಾ?'
ಇಲ್ಲ, ಇದೇ ತಂತಿ.
'ಬೆಳಕಿನ ಬಣ್ಣ?'
ಇದೇ ಬಣ್ಣ.
'ಗಾಳಿ ಬಿದ್ದ ದಿನ?'
ಎಲ್ಲರದೂ ಒಂದೇ ಕೆರೆ, ಎಲ್ಲಿಂದಲೋ ತುಂಬುತ್ತೆ.
ನಿನ್ನ ದುಡ್ಡು ಯಾವ ತೂಬಿಗೆ ಹೋಗುತ್ತೆ ಅನ್ನೋದಷ್ಟೇ ಲೆಕ್ಕ.

ಅವನು ಯಂತ್ರದ ಕಡೆ ನೋಡಿದ.
'ಗಾಳಿ ತಿರುಗಿಸಿ ಕರೆಂಟು,
ಕರೆಂಟು ತಿರುಗಿಸಿ ಗಾಳಿ.
ಮಧ್ಯೆ ನಿನಗೊಂದು ಐವತ್ತು'
ಎಂದು ನಗಲು ಹೋಗಿ ಕೆಮ್ಮಿದ.
ಕೆಮ್ಮು ಮುಗಿಯಲು ಬಹಳ ಹೊತ್ತು ಹಿಡಿಯಿತು.
ಎಲ್ಲಿ ನೋಡಬೇಕೋ ತಿಳಿಯದೆ ಕಾರ್ಪೆಟ್ಟು ನೋಡಿದೆ.

'ಮೊದಲು ಒಂದು ಸಲ ಓದು' ಎಂದ. 'ನನ್ನದು ಹಳೇ ಮೀಟರು.
ತಾನಾಗಿ ಓದಿಕೊಳ್ಳಲ್ಲ.'
ಮಂಡಿಯೂರಿದೆ. ಬ್ಯಾಟರಿ ಕಚ್ಚಿದೆ.
ಅದೇ ಜೇಡನ ಮೊಮ್ಮಗಳು ಅದೇ ಮೂಲೆಯಲ್ಲಿ.
ಆರು, ಸೊನ್ನೆ, ನಾಲ್ಕು, ಒಂಬತ್ತು, ಎರಡು,
ಬಾಯಿ ತುಂಬಿದ್ದರಿಂದ ತೊದಲುತ್ತ ಕೂಗಿದೆ.
ಅವನು ಬರೆದುಕೊಂಡ, ನನ್ನ ಲೆಕ್ಕವನ್ನು ನಂಬದವನಂತೆ ಎರಡು ಸಲ.

ನಂತರ ಫೋನು ಇಸಿದುಕೊಂಡು
ಉಗುರಡಿ ನೀಲಿಗಟ್ಟಿದ ಕಲ್ಲಿದ್ದಲಿನ ಗಾಯದ ಬೆರಳಲ್ಲಿ
ನನ್ನ ಏಳಕ್ಷರಗಳನ್ನು ಒಂದೊಂದಾಗಿ ಒತ್ತಿದ.

ಬಾಗಿಲವರೆಗೆ ಬಂದಿದ್ದೆ, ಹಿಂದಿನಿಂದ ಕೇಳಿದ:
'ಆ ಬೂಟು.
ಸರಿಹೋಯ್ತಾ ಕಾಲಿಗೆ?'

ಕಚ್ಚುತ್ತಿತ್ತು, ಎಂದೆ. ಒಂದು ನಂಬರು ಚಿಕ್ಕದು.
ಅಪ್ಪನಿಗೆ ಹೇಳಲೇ ಇಲ್ಲ.