ಉಪ್ಪು ಸೇರುವುದಿಲ್ಲ

ಮಾರ್ಚಿ ಬಂತೆಂದರೆ ನಮ್ಮ ಕೌಂಟರಿಗೆ ಗಾಲಿಗಳ ತಿಂಗಳು.
ಗ್ರ್ಯಾಂಡ್ ರಾಪಿಡ್ಸಿನ ಹಿಮ ಕರಗಿ
ನಾಲ್ಕು ತಿಂಗಳು ರಸ್ತೆಗೆ ಸುರಿದ ಉಪ್ಪು
ಬಿಳಿಗೀಟಾಗಿ ಅಂಚಿಗೆ ಸರಿದ ಮೇಲೆ
ಜನ ಗಾಡಿ ತೊಳೆಯುತ್ತಾರೆ,
ತೊಳೆದು, ನೋಡಿ, ನನ್ನ ಹತ್ತಿರ ಬರುತ್ತಾರೆ.

ಲುಡ್ವಿಕ್ ಪಾವ್ಲಾಕ್ ಬಂದದ್ದು ಮಂಗಳವಾರ,
ನಾನಿನ್ನೂ ದೀಪ ಹಾಕಿರಲಿಲ್ಲ.
ಕೆಂಪು ಪಿಕಪ್. ಎರಡು ವರ್ಷ ಏಳು ತಿಂಗಳು.
ಮೂವತ್ತೊಂದು ಸಾವಿರ ಮೈಲಿ.
ಕೋಟಿನ ಜೇಬಿಂದ ನಾಲ್ಕು ಪೊಟ್ಟಣ ತೆಗೆದು
ಮೇಜಿನ ಮೇಲೆ ಒಂದೊಂದಾಗಿ ಬಿಚ್ಚಿದ:
ಕ್ರೋಮಿನ ಹಕ್ಕಳೆ.
ಮೀನಿನ ಹುರುಪೆಯಷ್ಟು ತೆಳು, ಅಂಚು ಮಾತ್ರ ಬ್ಲೇಡು.
"ಗಾಲಿಗೊಂದು ಪೊಟ್ಟಣ," ಅಂದ.
"ಕಲೆಸಬೇಡ. ಹಿಂದಿನ ಎಡಗಡೆಯದು ಜಾಸ್ತಿ."

ನನಗೆ ಬಾಯಿಪಾಠ:
ಮೂರು ವರ್ಷ ಇಲ್ಲವೇ ಮೂವತ್ತಾರು ಸಾವಿರ, ಯಾವುದು ಮೊದಲೋ ಅದು.
ತಯಾರಿಕೆಯ ದೋಷ ಸೇರುತ್ತದೆ.
ಕಲ್ಲೇಟು, ಆಸಿಡ್ಡು, ಹಕ್ಕಿಯ ಹಿಕ್ಕೆ, ಮರದ ಅಂಟು, ಉಪ್ಪು
ಸೇರುವುದಿಲ್ಲ.
ಉಪ್ಪು ತಿಂದ ಗಾಲಿ ನೀರು ಕುಡಿಯಲಿ, ಇದು ಕಂಪನಿಯ ನ್ಯಾಯ.
ಮಿಶಿಗನ್ನಿನಲ್ಲಿ ಉಪ್ಪು ಬಿಟ್ಟರೆ
ರಸ್ತೆ ಅಂತ ಇನ್ನೇನು ಉಳಿಯಿತು ಎಂದು ಕೇಳುವವರಿದ್ದಾರೆ.
ಕೇಳಿದವರಿಗೆ ಕಾಫಿ ಕೊಡುತ್ತೇವೆ.

ಅವನು ಕೇಳಲಿಲ್ಲ. ಹೊರಗೆ ಕರೆದುಕೊಂಡು ಹೋಗಿ
ಕೆಸರಲ್ಲೇ ಮಂಡಿಯೂರಿ ಪೆನ್ನಿನಂಥ ಟಾರ್ಚು ಹಿಡಿದ.
"ಕಲ್ಲು ಬಡಿದರೆ ಹಳ್ಳ ಬೀಳುತ್ತದೆ. ಹಳ್ಳ ತೋರಿಸು.
ಇದು ಬೊಕ್ಕೆ, ಒಳಗಿನಿಂದ ಎದ್ದದ್ದು.
ಕೆಳಗೆ ತಾಮ್ರ, ನಡುವೆ ನಿಕ್ಕಲ್, ಮೇಲೆ ಕ್ರೋಮು.
ಕ್ರೋಮಿಗೆ ಹೆಸರು, ಹೊಳಪೆಲ್ಲ ನಿಕ್ಕಲಿನದು.
ಮೈ ಸರಿಯಾಗಿ ತೊಳೆಯದೆ ಕಲಾಯಿ ಹಾಕಿದ್ದಾರೆ.
ಒಂದು ತೊಟ್ಟಿ ಹಾರಿಸಿದ್ದಾರೆ.
ಶುಕ್ರವಾರದ ಕೊನೇ ಪಾಳಿ ಇರಬೇಕು. ನಾವೂ ಹಾರಿಸುತ್ತಿದ್ದೆವು."

ನಾವು?
ಮೂವತ್ತನಾಲ್ಕು ವರ್ಷ, ಅಂದ, ನದಿಯಾಚೆ,
ಬಂಪರುಗಳನ್ನು ಕೊಕ್ಕೆಗೆ ಸಿಕ್ಕಿಸಿ ಅದ್ದುವುದು, ಎತ್ತುವುದು.
ತೊಟ್ಟಿಯ ಮೇಲೆ ಹಳದಿ ಮಂಜು.
ಮೊದಲ ವರ್ಷ ಮೂಗಿನಲ್ಲಿ ರಕ್ತ, ಎರಡನೆಯ ವರ್ಷ ಹಕ್ಕಳೆ.
ಆಮೇಲೆ ನೋವೇ ಇಲ್ಲ.
"ನೋಡು, ಮೊಮ್ಮಕ್ಕಳಿಗೆ ಇದು ಬಲು ಇಷ್ಟ"
ಎಂದು ಟಾರ್ಚನ್ನು ಎಡ ಹೊಳ್ಳೆಗೆ ಹಿಡಿದ.
ಬೆಳಕು ಬಲ ಹೊಳ್ಳೆಯಿಂದ ಹೊರಬಂತು.

ನಾನು ನಗಬೇಕಿತ್ತೋ ಏನೋ.
"ಇದಕ್ಕೂ ಅರ್ಜಿ ಹಾಕಿದ್ದೆ. ಕಂಪನಿಯ ಡಾಕ್ಟರು ಬರೆದರು:
ಬೆರಳು ಹಾಕುವ ಅಭ್ಯಾಸ."

ಫೋಟೋ ತೆಗೆಯುವ ನಿಯಮ ಇದೆ: ಗಾಲಿಗೆ ಮೂರು,
ಪಕ್ಕದಲ್ಲಿ ಒಂದು ನಾಣ್ಯ, ಅಳತೆ ಗೊತ್ತಾಗಲಿ ಅಂತ.
ನಾಣ್ಯ ಇಡುವ ಮೊದಲು ಒದ್ದೆ ಬಟ್ಟೆ ತಂದು
ನಟ್ಟುಗಳ ಸುತ್ತ ಉಳಿದಿದ್ದ ಬಿಳಿಗೀಟನ್ನು ಒರೆಸಿದೆ.
ಅವನು ಆಕಾಶ ನೋಡುತ್ತ ನಿಂತಿದ್ದ.
ಕಾರಣ ಎಂಬ ಖಾನೆಯಲ್ಲಿ ಬರೆದೆ:
ಒಳಪದರ ಕೈಬಿಟ್ಟಿದೆ. ಹೊರಗಿನ ಕುರುಹು ಏನೂ ಕಾಣಲಿಲ್ಲ.
ಕಂಪನಿಯ ಉಪ್ಪು ತಿನ್ನುವ ಕೈ, ಅಕ್ಷರ ಸ್ವಲ್ಪ ಸೊಟ್ಟಗಿತ್ತು.

ಹನ್ನೊಂದು ದಿನಕ್ಕೆ ಉತ್ತರ ಬಂತು.
ಮೂರು ಗಾಲಿಗೆ ಒಪ್ಪಿಗೆ. ಹಿಂದಿನ ಎಡಗಡೆಯದಕ್ಕೆ ಇಲ್ಲ:
ಫುಟ್‌ಪಾತಿಗೆ ಉಜ್ಜಿದ ಗುರುತಿದೆಯಂತೆ.
ಇತ್ತು, ಹೆಬ್ಬೆರಳಷ್ಟು. ಅದನ್ನು ಒರೆಸಲಾಗಿರಲಿಲ್ಲ.
ನಾನು ಕ್ಷಮೆ ಕೇಳುವಷ್ಟರಲ್ಲಿ ಅವನೇ ಅಂದ,
"ನಾಲ್ಕರಲ್ಲಿ ಮೂರು. ನನ್ನ ಆಯುಷ್ಯದಲ್ಲಿ ಇಷ್ಟು ಸಿಕ್ಕಿರಲಿಲ್ಲ."

ಹೊಸವು ಬಂದ ದಿನ ಡಬ್ಬಿಯ ಹತ್ತಿರ ಕೂತು
ಉಗುರಿನಿಂದ ತಟ್ಟಿದ, ಕಿವಿಯಿಟ್ಟು ಕೇಳಿದ,
ಗಡಿಗೆ ಕೊಳ್ಳುವವರ ಹಾಗೆ.
"ಇವೂ ಎರಡೇ ವರ್ಷ," ಅಂದ.
ಖುಷಿಯಾಗಿಯೇ ಅಂದ.

ಪೊಟ್ಟಣಗಳು ನನ್ನ ಮೇಜಿನ ಡ್ರಾದಲ್ಲಿವೆ.
ಪಿನ್ನು ಹುಡುಕುವಾಗ ಒಮ್ಮೊಮ್ಮೆ ಬೆರಳು ಕೊಯ್ಯುತ್ತದೆ.